ಹಳೇ ಲಿವರ್, ಹೊಸ ವಿ-ಬ್ರೇಕ್: ಹೊಂದುವುದಿಲ್ಲ

1990ರ ಸುಮಾರಿನ ಎಂಟಿಬಿಗೆ (ಮೌಂಟನ್ ಬೈಕಿಗೆ) ಬೇರೆ ಸೈಕಲ್ಲಿನ ವಿ-ಬ್ರೇಕ್ (ಎರಡು ಉದ್ದ ತೋಳು ರಿಮ್ಮನ್ನು ಎರಡೂ ಕಡೆಯಿಂದ ಒತ್ತುವ ಬ್ರೇಕ್) ಹಾಕಿದ್ದೀರಿ, ಕೇಬಲ್ ಎಷ್ಟು ಬಿಗಿ ಮಾಡಿದರೂ ಲಿವರ್ ಹ್ಯಾಂಡಲ್‌ಗೆ ಬಂದು ತಾಗುತ್ತದೆ, ಅಲ್ವಾ? ತಪ್ಪು ಕೇಬಲ್‌ದಲ್ಲ, ಲಿವರ್‌ದು. ಶಿಮಾನೋ ಕಂಪನಿಯ ವಿ-ಬ್ರೇಕ್ ಬಂದಿದ್ದೇ 1996ರ ಹೊತ್ತಿಗೆ. ಅದಕ್ಕೂ ಮುಂಚಿನ ಕ್ಯಾಂಟಿಲಿವರ್ ಬ್ರೇಕಿನ (ಗಿಡ್ಡ ತೋಳಿನ ಹಳೇ ಬ್ರೇಕ್) ಲಿವರ್‌ಗಳು ಕೇಬಲ್ಲನ್ನು ಕಡಿಮೆ ಎಳೆಯುತ್ತವೆ. ವಿ-ಬ್ರೇಕ್‌ಗೆ ಅಷ್ಟು ಸಾಲದು.

ಒಮ್ಮೆ ಲಿವರನ್ನೇ ನೋಡಿ. ಅದು ತಿರುಗುವ ಪಿನ್ನಿನಿಂದ ಕೇಬಲ್ಲಿನ ಗುಂಡು ಕೂರುವ ಗೂಡಿಗೆ ಎಷ್ಟು ದೂರ? ವಿ-ಬ್ರೇಕ್ ಲಿವರಿನಲ್ಲಿ ಈ ದೂರ ಜಾಸ್ತಿ ಇರುತ್ತದೆ.

ರಬ್ಬರನ್ನು ರಿಮ್ಮಿಗೆ ಇನ್ನೂ ಹತ್ತಿರ ತರಬಹುದು ಅನ್ನುವವರು ಸಿಗುತ್ತಾರೆ. ಬೇಡ. ರಿಮ್ ಚೂರು ಬೆಂಡಿದ್ದರೂ ಸುಮ್ನೆ ಉಜ್ಜುತ್ತದೆ, ಮುಂದಿನ ಚಕ್ರ ಗಕ್ಕಂತ ಹಿಡಿದುಬಿಟ್ಟರೆ ನೀವು ಹ್ಯಾಂಡಲ್ ದಾಟಿ ಬೀಳುತ್ತೀರಿ.

ಲಿವರ್ ಬೇರೆ, ಗೇರ್ ಶಿಫ್ಟರ್ ಬೇರೆ ಇದ್ದರೆ ವಿ-ಬ್ರೇಕ್ ಲಿವರ್ ಒಂದು ಜೊತೆ ಕೊಂಡುಬಿಡಿ. ಎರಡೂ ಒಂದೇ ತುಂಡಾಗಿದ್ದರೆ ಹಳೇ ಕ್ಯಾಂಟಿಲಿವರನ್ನೇ ಹುಡುಕಿ ಹಾಕಿ. ಆ ಕಾಲದ ಫ್ರೇಮಿಗೆ ಅದೇ ಚೆಂದ, ನನ್ನ ಕೇಳಿದರೆ.