ಮನೆಯಿಲ್ಲದವರ ಶೆಲ್ಟರ್‌ನಲ್ಲಿದ್ದವರಿಗೆ ಮನೆ ಕೊಡಿಸುವಾಗ ಬಾಡಿಗೆ ಕರಾರು ನನ್ನ ಹೆಸರಲ್ಲೇ ಮಾಡಿಸಬಹುದೇ?

ಬೇಡ. ದಾವಣಗೆರೆಯ ಶೆಲ್ಟರ್‌ನಲ್ಲಿರುವ ಹಿರಿಯರಿಗೆ ಮನೆ ನೋಡಿದ್ದೀರಿ, ಮಾಲೀಕರು "ನಿಮ್ಮ ಹೆಸರಲ್ಲಾದ್ರೆ ಕೊಡ್ತೀನಿ" ಅಂದಿದ್ದಾರೆ. ನಾನೂ ಇದೇ ಊರಲ್ಲಿ ಹಾಗೇ ಮಾಡಿದ್ದೆ.

ನಾನು ಮನೆ ಕೊಡಿಸಿದ್ದು ಎಪಿಎಂಸಿಯಲ್ಲಿ ಹಮಾಲಿ ಮಾಡಿ, ಸೊಂಟ ಹೋದ ಮೇಲೆ ರೈಲ್ವೆ ಸ್ಟೇಷನ್ ಹತ್ತಿರ ಮಲಗುತ್ತಿದ್ದ ಒಬ್ಬ ಯಜಮಾನ್ರಿಗೆ. ಶೆಲ್ಟರ್‌ಗೆ ಬಂದು ಚೇತರಿಸಿಕೊಂಡು ಮಂಡಕ್ಕಿ ಭಟ್ಟಿಯಲ್ಲಿ ಕಾವಲು ಕೆಲಸ ಹಿಡಿದರು. ನಿಟ್ಟುವಳ್ಳಿಯಲ್ಲಿ ರೂಮು ಸಿಕ್ಕಿತು. ಛಾಪಾ ಕಾಗದಕ್ಕೆ ನಾನೇ ಸಹಿ ಹಾಕಿದೆ.

ಆ ಸಹಿಯಿಂದ ಏನೇನಾಯಿತು ಅಂತ ಬಿಡಿಸಿ ಹೇಳ್ತೀನಿ. ಅವರ ಜೇಬಲ್ಲಿ ದುಡ್ಡಿದ್ದರೂ ಮಾಲೀಕರು ಬಾಡಿಗೆಗೆ ನನಗೆ ಫೋನ್ ಮಾಡೋರು. ನಲ್ಲಿ ಸೋರಿದರೂ ನನಗೇ. ಕರಾರಿನಲ್ಲಿ ಅವರ ಹೆಸರಿಲ್ಲ, ಹಾಗಾಗಿ ಆಧಾರ್ ವಿಳಾಸ ಬದಲಿಸೋಕೆ ಅದು ದಾಖಲೆಯಾಗಲಿಲ್ಲ. ವಿಳಾಸ ಇಲ್ಲದೆ ಗೃಹಜ್ಯೋತಿ, ರೇಷನ್ ಕಾರ್ಡು, 65 ದಾಟಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿ ಎಲ್ಲವೂ ಅಲ್ಲಲ್ಲೇ ನಿಂತವು. ಗೋಡೆಗೆ ಸುಣ್ಣ ಹೊಡೆಯೋಣ ಅಂದರೆ ಅವರು, "ಮನೆ ನಿಂದಲ್ವೇನಪ್ಪಾ, ನಿನ್ನ ಕೇಳ್ದೆ ಹೆಂಗ್ ಹೊಡೀಲಿ?" ಅಂದರು. ಕರಾರಿನ ಹನ್ನೊಂದು ತಿಂಗಳು ಮುಗಿಯುವ ಹೊತ್ತಿಗೆ ನನಗೆ ಚಿತ್ರದುರ್ಗಕ್ಕೆ ವರ್ಗವಾಯಿತು. "ಸಹಿ ಹಾಕಿದೋರೇ ಇಲ್ಲ, ನಾನ್ಯಾರ್ನ ಕೇಳ್ಲಿ" ಅಂತ ಮಾಲೀಕರು ರೂಮು ಬಿಡಿಸಿದರು. ಬಾಡಿಗೆ ಒಂದು ತಿಂಗಳೂ ತಪ್ಪಿಸದ ಮನುಷ್ಯ ಮತ್ತೆ ಶೆಲ್ಟರ್‌ಗೆ ಹೋದರು.

"ಒಬ್ಬರೇ ಇರೋಕೆ ಅವರಿನ್ನೂ ತಯಾರಿಲ್ಲವೇನೋ" ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಶೆಲ್ಟರ್‌ನಲ್ಲಿ ಊಟದ ಹೊತ್ತು, ಲೈಟ್ ಆರಿಸುವ ಹೊತ್ತು ಎಲ್ಲ ಬೇರೆಯವರದು. ಸಿಲಿಂಡರ್ ಎಷ್ಟು ದಿನ ಬರುತ್ತೆ, ಪಕ್ಕದ ಮನೆಯವರ ಜೊತೆ ನೀರಿನ ಪಾಳಿ ಹೇಗೆ ಮಾತಾಡಿಕೊಳ್ಳೋದು ಅನ್ನೋದನ್ನು ಅಲ್ಲಿ ಎಷ್ಟು ವರ್ಷ ಇಟ್ಟುಕೊಂಡರೂ ಕಲಿಸೋಕಾಗಲ್ಲ. ಮನೆಗೆ ಹೋದ ಮೇಲೇ ಕಲಿಯೋದು.

ಆಮೇಲೆ ಇನ್ನೊಬ್ಬ ತಾಯಿಗೆ ಮನೆ ನೋಡಿದಾಗ ಕರಾರು ಅವರ ಹೆಸರಲ್ಲೇ ಆಯಿತು. ಅಡ್ವಾನ್ಸಿಗೆ ನಾವು ಕೈಜೋಡಿಸಿದೆವು, ಬಾಡಿಗೆ ಮಾತ್ರ ಅವರ ಕೈಯಿಂದಲೇ ಮಾಲೀಕರ ಕೈಗೆ. ಮೊದಮೊದಲು ಸಂಜೆಯಾದರೆ ಶೆಲ್ಟರ್ ಕಡೆ ನಡೆದು ಬಂದುಬಿಡೋರು, ಒಬ್ಬರೇ ಉಣ್ಣೋಕಾಗಲ್ಲ ಅಂತ. ಯಾರೂ ತಡೆಯಲಿಲ್ಲ. ಈಗಲೂ ಅದೇ ಮನೆಯಲ್ಲಿದ್ದಾರೆ.

ನೀವು ಸಾಕ್ಷಿಯಾಗಿ ಸಹಿ ಹಾಕಿ, ಫೋನ್ ನಂಬರ್ ಕೊಡಿ. ಅಷ್ಟಕ್ಕೂ ಮಾಲೀಕರು ಒಪ್ಪದಿದ್ದರೆ ಆ ಮನೆ ಬಿಟ್ಟುಬಿಡಿ, ಶೆಲ್ಟರ್‌ಗೆ ನಡೆದು ಹೋಗುವಷ್ಟು ದೂರದಲ್ಲೇ ಬೇರೆ ಹುಡುಕಿ.