ಪ್ರತಿಕ್ರಿಯೆ: ಮಳೆಗಾಲದಲ್ಲಿ ತೋಟ ನೋಡಲು ಬಂದವರ ಅಸಮಾಧಾನ

ಮೂಡಿಗೆರೆಯ ನಿಮ್ಮ ಕಾಫಿ ತೋಟಕ್ಕೆ ಜೂನ್, ಜುಲೈಯಲ್ಲಿ ಬರುವ ಕುಟುಂಬಗಳು “ಫೋಟೋದಲ್ಲಿದ್ದದ್ದು ಒಂದೂ ಇಲ್ಲ” ಎಂದು ದೂರುವುದಕ್ಕೆ ಕಾರಣ ಬಹುಮಟ್ಟಿಗೆ ಆ ಫೋಟೋಗಳೇ ಇರಬೇಕು, ನಿಮ್ಮ ಉಪಚಾರವಲ್ಲ. ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಬೇಸಿಗೆ ಮಳೆ, ಆದ ಮೇಲೆ ಮಾರ್ಚ್-ಏಪ್ರಿಲ್‌ನಲ್ಲಿ ಕೆಲವೇ ದಿನ ನಿಲ್ಲುವ ಬಿಳಿ ಹೂವನ್ನೂ ನವೆಂಬರ್ ನಂತರದ ಕೆಂಪು ಹಣ್ಣಿನ ಕೊಯ್ಲನ್ನೂ ನೋಡಿ ಆಸೆಪಟ್ಟವರಿಗೆ ಮಳೆಗಾಲದಲ್ಲಿ ಸಿಗುವುದು ಹಸಿರು ಕಾಯಿ ಮತ್ತು ಕಾಲಿಗೆ ಹತ್ತುವ ಇಂಬಳ (ರಕ್ತ ಹೀರುವ ಜಿಗಣೆ).

ಮೊದಲು ಪ್ರತಿ ಚಿತ್ರದ ಕೆಳಗೆ ಅದು ಯಾವ ತಿಂಗಳಿನದೆಂದು ಬರೆಯಿರಿ. ಬಳಿಕ, ಮುಂಗಡ ಪಡೆಯುವ ಮುನ್ನವೇ, ಅವರು ಬರುವ ವಾರದಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿ. ಇಂಬಳದ ವಿಷಯವನ್ನಂತೂ ಮುಚ್ಚಿಡಬೇಡಿ. ಇದರಿಂದ ಕೆಲವರು ಬಾರದೇ ಹೋಗಬಹುದು, ಆದರೆ ಬೇಸರದಿಂದ ಮರಳುವ ಅತಿಥಿಗಿಂತ ಅದೇ ಮೇಲು.

ಮುಖ್ಯವಾದುದು ಮಕ್ಕಳ ವಿಷಯ. ಹಸುಗಳನ್ನು ಮೇಯಲು ಬಿಟ್ಟ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ ಬಂದ ಮಗುವಿಗೆ ಕಾಣುವುದು ಖಾಲಿ ಕೊಟ್ಟಿಗೆ. ಆದ್ದರಿಂದ ಸಂಜೆ ಹಾಲು ಕರೆಯುವ ಹೊತ್ತಿಗೆ ಅವರನ್ನು ಕರೆದೊಯ್ದು, ಕರುವಿಗೆ ಹುಲ್ಲು ತಿನ್ನಿಸಲು ಬಿಡಿ. ಸಿಲ್ವರ್ ಓಕ್ ಮರದ ಬುಡದಲ್ಲಿ ಮೆಣಸಿನ ಬಳ್ಳಿ ನೆಡುವುದು ಮಳೆಗಾಲದ್ದೇ ಕೆಲಸ. ಒಂದು ಬಳ್ಳಿಯನ್ನು ಮಗುವಿನ ಕೈಯಿಂದಲೇ ನೆಡಿಸಿ. ಮಧ್ಯಾಹ್ನದ ಊಟಕ್ಕೆ ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯವಿದ್ದರೆ ದೊಡ್ಡವರಿಗೂ ಆ ಋತುವಿನ ರುಚಿ ಸಿಗುತ್ತದೆ.

ಈಗಾಗಲೇ ದೂರು ಬರೆದವರು ಮನಸ್ಸು ಬದಲಿಸುತ್ತಾರೆಂದು ಹೇಳಲಾರೆ. ಆದರೂ ವಾದಿಸದೆ, ಏನನ್ನು ಸರಿಪಡಿಸಿದ್ದೀರೆಂದು ಪ್ರತಿ ದೂರಿನ ಕೆಳಗೂ ಎರಡು ಸಾಲು ಬರೆಯಿರಿ. ಮುಂದೆ ಬರಲಿರುವವರು ಅದನ್ನು ಓದುತ್ತಾರೆ.