ಯೂನಿವರ್ಸಿಟಿ ಲೈಬ್ರರಿಯಲ್ಲಿ ಓದುವ ಜಾಗ ಚೆನ್ನಾಗಿದೆಯಾ ಅಂತ ತಿಳಿಯುವುದು ಹೇಗೆ?

ಗೇಟಿನ ರಿಜಿಸ್ಟರ್‌ನಲ್ಲಿರುವ ಸಹಿಗಳನ್ನು ಎಣಿಸಿದರೆ ಸಾಲದು. ಒಳಗೆ ಬಂದವರು ಎಲ್ಲಿ ಕೂತರು, ಏನು ಮಾಡಿದರು ಅನ್ನುವುದೇ ಮುಖ್ಯ ಅಲ್ವಾ?

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಶುರುವಾದ ಅಧ್ಯಯನ ನನಗೆ ತುಂಬಾ ಇಷ್ಟ. ಮಾನವಶಾಸ್ತ್ರಜ್ಞೆ ನ್ಯಾನ್ಸಿ ಫ್ರೈಡ್ ಫಾಸ್ಟರ್ ಮತ್ತು ಲೈಬ್ರರಿ ಸಿಬ್ಬಂದಿ ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಕೊಟ್ಟರು. ಓದುವ ಜಾಗ, ಜೊತೆಗೆ ಒಯ್ಯುವ ಸಾಮಾನು, ಎಲ್ಲದರ ಫೋಟೊ ತೆಗೆಸಿದರು. ಆಮೇಲೆ ಹಾಳೆ ಕೊಟ್ಟು, ತಮಗೆ ಬೇಕಾದ ಜಾಗವನ್ನು ಬಿಡಿಸಲು ಹೇಳಿದರು. ಅದೇ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ತೆರೆದ ಗ್ಲೀಸನ್ ಲೈಬ್ರರಿಯ ವಿನ್ಯಾಸಕ್ಕೆ ಆ ಚಿತ್ರಗಳೂ ದಾರಿ ತೋರಿದವು.

ನಿಮ್ಮ ಲೈಬ್ರರಿಯಲ್ಲೂ ಹೀಗೆ ಗಮನಿಸಲು ಜಾಸ್ತಿ ಖರ್ಚಿಲ್ಲ. ಲೈಬ್ರರಿಯ ನಕ್ಷೆ ಹಿಡಿದು ಬೇರೆ ಬೇರೆ ಹೊತ್ತಿನಲ್ಲಿ ಸುತ್ತು ಹಾಕಿ, ತುಂಬಿದ ಕುರ್ಚಿಗಳನ್ನು ಗುರುತಿಸಿ. ಎಲ್ಲರೂ ಪ್ಲಗ್ ಪಾಯಿಂಟ್ ಇರುವ ಗೋಡೆ ಪಕ್ಕವೇ ಕೂತಿದ್ದರೆ, ಹೊಸ ಸೋಫಾಕ್ಕಿಂತ ಮೊದಲು ವೈರಿಂಗ್ ಮಾಡಿಸಿ. ಬದಲಾವಣೆ ಆದ ಮೇಲೆ ಅದೇ ಹೊತ್ತುಗಳಲ್ಲಿ ಮತ್ತೆ ಎಣಿಸಿ.